ಕೊನೆಯ ತೊಳೆನೀರಿನ ತಟ್ಟೆ ಎಲ್ಲಿ?

ಮಾನ್ಯ ಸಂಪಾದಕರೇ,

ಔಷಧೀಯ ಗಿಡದ ಎಲೆಯೊಳಗೆ ಸಿಕ್ಕ ಶಿಲೀಂಧ್ರವೊಂದು ಕ್ಯಾನ್ಸರಿಗೆ ಮದ್ದಾಗಲಿದೆ, ಸಕ್ಕರೆ ಕಾಯಿಲೆಗೆ ಮದ್ದಾಗಲಿದೆ ಎಂಬ ಸುದ್ದಿ ಆಗಾಗ ಅಚ್ಚಾಗುತ್ತದೆ. ಪಕ್ಕದಲ್ಲಿ ಪೆಟ್ರಿ ತಟ್ಟೆಯ ತುಂಬ ಹರಡಿದ ಬಿಳಿ ಬೂಷ್ಟಿನ ಚಿತ್ರವೂ ಇರುತ್ತದೆ. ಇಂಥ ಸಂಶೋಧನೆಯನ್ನು ಹೀಗಳೆಯಲು ಈ ಪತ್ರ ಬರೆಯುತ್ತಿಲ್ಲ. ಎಲೆಯ ಶಿಲೀಂಧ್ರಗಳನ್ನು ಓದುವುದೇ ನಮ್ಮ ಕಸುಬು. ಆದರೆ ಆ ಸುದ್ದಿಗಳಲ್ಲಿ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುವುದು ಅಪರೂಪ. ಆ ಶಿಲೀಂಧ್ರ ಎಲೆಯ ಒಳಗೇ ಇತ್ತು ಎನ್ನಲು ಸಾಕ್ಷಿ ಏನು? ಅದು ಮಾಡಿತು ಎನ್ನುವ ಮದ್ದು ಲೀಟರಿಗೆ ಎಷ್ಟು? ವರದಿಗಾರರು ಈ ಎರಡನ್ನು ಕೇಳುವುದಾದರೆ, ಉತ್ತರ ಹೇಗಿರಬೇಕು ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇವೆ. ಪದವಿ ತರಗತಿಗಳಲ್ಲಿ ಇದೇ ವಿಷಯದ ಮೇಲೆ ಪ್ರಾಜೆಕ್ಟ್ ಮಾಡುವವರಿಗೂ ಇದು ಉಪಯೋಗಕ್ಕೆ ಬರಬಹುದು.

ಎಲೆಯ ಮೇಲ್ಮೈ ಶಿಲೀಂಧ್ರದ ಪಾಲಿಗೆ ಬಯಲುಸೀಮೆ. ಹಗಲಿಡೀ ಬಿಸಿಲು, ಮಳೆ ಬಂದರೆ ಕೊಚ್ಚಿಹೋಗುವ ಭಯ. ಉಣ್ಣಲು ಎಲೆಯಿಂದ ಜಿನುಗಿದ ಒಂದಿಷ್ಟು ಸಕ್ಕರೆ, ಗಾಳಿಯಲ್ಲಿ ಬಂದು ಕೂತ ಪರಾಗ, ಗಿಡದ ಹೇನು ಸುರಿಸಿದ ಅಂಟು, ಅಷ್ಟೇ. ಅಲ್ಲಿ ಬಾಳುವವುಗಳಲ್ಲಿ ಬಹಳಷ್ಟು ಒಂದೋ ಕಪ್ಪು, ಇಲ್ಲವೇ ಗುಲಾಬಿ. ಕ್ಲಾಡೋಸ್ಪೋರಿಯಂ, ಆಲ್ಟರ್ನೇರಿಯ, ಆರಿಯೋಬೇಸಿಡಿಯಂಗಳ ಕಪ್ಪು ಮೆಲನಿನ್‌ನಿಂದ ಬಂದದ್ದು. ಸ್ಪೊರೊಬೊಲೊಮೈಸಿಸ್ ಎಂಬ ಯೀಸ್ಟಿನ ಗುಲಾಬಿ ಕ್ಯಾರೊಟಿನಾಯ್ಡ್‌ನಿಂದ ಬಂದದ್ದು. ಎರಡೂ ಬಿಸಿಲಿಗೆ ಹಿಡಿದ ಕೊಡೆಗಳೇ. ಎಲೆಯ ಸುತ್ತಲಿನ ಈ ಲೋಕಕ್ಕೆ ‘ಫಿಲ್ಲೋಸ್ಫಿಯರ್’ ಎಂಬ ಹೆಸರು 1955 ಮತ್ತು 1956ರಲ್ಲಿ ಇಬ್ಬರು ಬೇರೆ ಬೇರೆ ವಿಜ್ಞಾನಿಗಳಿಂದ ಬಂತು. ಆ ಗುಲಾಬಿ ಯೀಸ್ಟನ್ನು ನೋಡಲು ದುಬಾರಿ ಉಪಕರಣ ಬೇಡ. ಎಲೆಯನ್ನು ಪೆಟ್ರಿ ತಟ್ಟೆಯ ಮುಚ್ಚಳದ ಒಳಬದಿಗೆ ವ್ಯಾಸಲೀನಿನಿಂದ ಅಂಟಿಸಿ, ಕೆಳಗೆ ಮಾಲ್ಟ್ ಅಗರ್ (ಶಿಲೀಂಧ್ರ ಬೆಳೆಸುವ ಹೆಪ್ಪುಗಟ್ಟಿದ ಮಾಧ್ಯಮ) ಇರುವಂತೆ ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಎಲೆ ತೆಗೆದುಹಾಕಿ. ಈ ಯೀಸ್ಟ್ ತನ್ನ ಬೀಜಕಗಳನ್ನು, ಅಂದರೆ ಬೀಜದಂಥ ಸೂಕ್ಷ್ಮ ಕಣಗಳನ್ನು, ತಾನೇ ಸಿಡಿಸುತ್ತದೆ. ಹಾಗಾಗಿ ಮೂರ್ನಾಲ್ಕು ದಿನಗಳಲ್ಲಿ ಅಗರಿನ ಮೇಲೆ ಎಲೆಯ ಆಕಾರದಲ್ಲೇ ಗುಲಾಬಿ ಚುಕ್ಕೆಗಳು ಮೂಡುತ್ತವೆ. ಕನ್ನಡಿ ಯೀಸ್ಟ್ ಎಂಬ ಅಡ್ಡಹೆಸರು ಬಂದದ್ದು ಇದರಿಂದಲೇ.

ಒಳಗಿರುವವುಗಳ ಬದುಕೇ ಬೇರೆ. ಗಿಡದ ಅಂಗಾಂಶದೊಳಗೆ ಬಾಳುವ ಜೀವಿಗೆ ‘ಎಂಡೋಫೈಟ್’ (ಒಳವಾಸಿ) ಎಂಬ ಮಾತನ್ನು ಜರ್ಮನಿಯ ಆಂಟನ್ ಡಿ ಬ್ಯಾರಿ 1866ರಲ್ಲೇ ಬಳಸಿದರು. ನಮ್ಮ ಔಷಧೀಯ ಗಿಡಮರಗಳ ಎಲೆಯಲ್ಲಿ ಮತ್ತೆ ಮತ್ತೆ ಸಿಗುವವು ಕೊಲೆಟೊಟ್ರೈಕಂ, ಡಯಾಪೋರ್ಥೆ, ಪೆಸ್ಟಲೋಶಿಯಾಪ್ಸಿಸ್, ನೈಗ್ರೋಸ್ಪೋರ, ಫಿಲ್ಲೋಸ್ಟಿಕ್ಟ, ಕ್ಸೈಲೇರಿಯ. ಇವುಗಳಲ್ಲಿ ಹೆಚ್ಚಿನವು ಬೀಜದ ಮೂಲಕ ಬರುವುದಿಲ್ಲ. ಹೊರಗಿನಿಂದ ಬಂದ ಬೀಜಕ ಎಲೆಯ ಮೇಲೆ ಮೊಳೆತು, ಹೊರಪೊರೆಯನ್ನು ಕೊರೆದೋ ಪತ್ರರಂಧ್ರದ ಮೂಲಕವೋ ಒಳಸೇರಿ, ಕೆಲವೇ ಕೋಶಗಳ ನಡುವೆ ಸದ್ದಿಲ್ಲದೆ ಕೂರುತ್ತದೆ. ಆದ್ದರಿಂದಲೇ ಚಿಗುರಿನಲ್ಲಿ ಶಿಲೀಂಧ್ರ ಕಡಿಮೆ, ಬಲಿತ ಎಲೆಯಲ್ಲಿ ಹೆಚ್ಚು. ಬೇಸಿಗೆಗಿಂತ ಮಳೆಗಾಲದ ಕೊನೆಗೆ ಹೆಚ್ಚು. ಅದೇ ಗಿಡದ ಮಾರ್ಚ್ ತಿಂಗಳ ಎಲೆಗೂ ಸೆಪ್ಟೆಂಬರಿನ ಎಲೆಗೂ ಪಟ್ಟಿ ಬೇರೆಯಾಗುತ್ತದೆ. ಹೀಗಿರುವಾಗ ‘ಆಡುಸೋಗೆಯ ಶಿಲೀಂಧ್ರ’, ‘ಒಂದೆಲಗದ ಶಿಲೀಂಧ್ರ’ ಎಂದು ಸಲೀಸಾಗಿ ಹೆಸರಿಡುವುದು ಸರಿಯಲ್ಲ. ಫಿಲ್ಲೋಸ್ಟಿಕ್ಟ ಕ್ಯಾಪಿಟಾಲೆನ್ಸಿಸ್ ಎಂಬ ಒಂದೇ ಪ್ರಭೇದ ಒಂದಕ್ಕೊಂದು ಸಂಬಂಧವಿಲ್ಲದ ಎಷ್ಟೋ ಕುಟುಂಬಗಳ ಮರಗಳ ಎಲೆಯಲ್ಲಿ ರೋಗಲಕ್ಷಣವಿಲ್ಲದೆ ಕೂತಿರುತ್ತದೆ. ಕೊಲೆಟೊಟ್ರೈಕಂ ಇನ್ನೂ ಜಾಣ: ಎಲೆ ಗಟ್ಟಿಯಾಗಿರುವಾಗ ಸುಮ್ಮನಿದ್ದು, ಎಲೆ ಮುದಿಯಾದಾಗಲೋ ಗಿಡ ಸೊರಗಿದಾಗಲೋ ಚಿಬ್ಬು ರೋಗವಾಗಿ ಹೊರಬೀಳುತ್ತದೆ. ಒಳವಾಸಿ ಎಂದರೆ ಗಿಡದ ಮಿತ್ರ ಎಂದೇ ಅರ್ಥವಲ್ಲ.

ಈಗ ಒಳಗಿನದನ್ನು ಹೊರಗೆ ತರುವ ಕೆಲಸ. ಹೊರಮೈಯಲ್ಲಿರುವುದೆಲ್ಲ ಸಾಯಬೇಕು, ಒಳಗಿನದು ಬದುಕಬೇಕು. ಕಷ್ಟವೆಲ್ಲ ಈ ಒಂದು ಸಾಲಿನಲ್ಲೇ ಇದೆ.

ಚುಕ್ಕೆ, ಹುಳದ ಕಡಿತ, ಹರುಕು ಇಲ್ಲದ ಎಲೆಗಳನ್ನು ತೊಟ್ಟಿನ ಸಮೇತ ಬಿಡಿಸಿ, ಕಾಗದದ ಚೀಲದಲ್ಲಿ ತನ್ನಿ. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಎಲೆ ಬೆವರುತ್ತದೆ, ಮೇಲಿನ ಶಿಲೀಂಧ್ರಕ್ಕೆ ದಾರಿಯಲ್ಲೇ ಹಬ್ಬವಾಗುತ್ತದೆ. 24 ಗಂಟೆಯೊಳಗೆ ಕೆಲಸ ಮುಗಿಸಬೇಕು. ಒಂದು ಗಿಡದ ಎರಡು ಎಲೆ ನೋಡಿ ತೀರ್ಮಾನಕ್ಕೆ ಬರಬೇಡಿ: 5 ಗಿಡ, ಗಿಡಕ್ಕೆ 4 ಎಲೆ, ಎಲೆಗೆ 5 ತುಂಡು, ಒಟ್ಟು 100 ತುಂಡು ಎಂದರೆ ಲೆಕ್ಕಕ್ಕೂ ಸುಲಭ. ಹರಿಯುವ ನಲ್ಲಿ ನೀರಿನಲ್ಲಿ 10 ನಿಮಿಷ ತೊಳೆದು, ಶೇ 70ರ ಆಲ್ಕೋಹಾಲಿನಲ್ಲಿ 1 ನಿಮಿಷ, ಶೇ 4ರ ಸೋಡಿಯಂ ಹೈಪೊಕ್ಲೋರೈಟಿನಲ್ಲಿ (ಬ್ಲೀಚ್ ದ್ರಾವಣ) 2–3 ನಿಮಿಷ, ಮತ್ತೆ ಆಲ್ಕೋಹಾಲಿನಲ್ಲಿ 30 ಸೆಕೆಂಡು, ಆಮೇಲೆ ಕ್ರಿಮಿಶುದ್ಧ ಮಾಡಿದ ಬಟ್ಟಿ ನೀರಿನಲ್ಲಿ ಮೂರು ಸಲ ತೊಳೆಯಬೇಕು. ಆ ಮೂರನೆಯ ನೀರನ್ನು ಚೆಲ್ಲಬೇಡಿ. ಅದರ ವಿಷಯ ಮುಂದೆ ಬರುತ್ತದೆ.

ಹೈಪೊಕ್ಲೋರೈಟಿನ ಹೊತ್ತು ಎಲ್ಲ ಎಲೆಗೂ ಒಂದೇ ಅಲ್ಲ. ಒಂದೆಲಗದಂಥ ಮೃದು ಎಲೆಗೆ 1 ನಿಮಿಷ ದಾಟಿದರೆ ಅಂಚು ಬೆಳ್ಳಗಾಗುತ್ತದೆ, ಒಳಗಿನದೂ ಸಾಯುತ್ತದೆ. ಅಶೋಕ, ಸುರಹೊನ್ನೆಯಂಥ ತೊಗಲಿನೆಲೆಗೆ 4–5 ನಿಮಿಷ ಬೇಕಾಗಬಹುದು. ತುಳಸಿ, ದೊಡ್ಡಪತ್ರೆಗಳದ್ದು ಇನ್ನೊಂದು ತಕರಾರು: ರೋಮಗಳ ನಡುವೆ ಗಾಳಿಗುಳ್ಳೆ ಸಿಕ್ಕಿಕೊಂಡು ದ್ರಾವಣ ಎಲೆಗೆ ತಾಗುವುದೇ ಇಲ್ಲ. ಮೊದಲ ಆಲ್ಕೋಹಾಲ್ ಸ್ನಾನ ಇರುವುದು ಅದಕ್ಕೇ. ಹೈಪೊಕ್ಲೋರೈಟಿಗೆ 100 ಮಿ.ಲೀ.ಗೆ ಒಂದೆರಡು ಹನಿ ಟ್ವೀನ್-20 (ಸೋಪಿನಂತೆ ಒದ್ದೆ ಮಾಡುವ ದ್ರವ) ಸೇರಿಸಿ ಅಲುಗಾಡಿಸುತ್ತಿದ್ದರೆ ಇನ್ನೂ ಒಳ್ಳೆಯದು. ಶೇ 95ರ ಆಲ್ಕೋಹಾಲ್ ಹೆಚ್ಚು ಚುರುಕೆಂದು ಹಾಗೆಯೇ ಬಳಸುವವರಿದ್ದಾರೆ. ಅದು ಬೀಜಕದ ಹೊರಪದರವನ್ನು ಗಟ್ಟಿಮಾಡಿ ಅಲ್ಲೇ ನಿಂತುಬಿಡುತ್ತದೆ, 74 ಮಿ.ಲೀ.ಗೆ ನೀರು ಸೇರಿಸಿ 100 ಮಾಡಿಕೊಂಡೇ ಬಳಸಬೇಕು. ಎಲ್ಲಕ್ಕಿಂತ ಹೆಚ್ಚು ಕೆಲಸ ಕೆಡುವುದು ಹಳೆಯ ಹೈಪೊಕ್ಲೋರೈಟಿನಿಂದ. ಬಿಸಿಲಿಗೆ, ಸೆಕೆಗೆ ಕ್ಲೋರಿನ್ ಹಾರಿಹೋಗಿರುತ್ತದೆ, ಚೀಟಿಯಲ್ಲಿ ಮಾತ್ರ ಶೇ 4 ಉಳಿದಿರುತ್ತದೆ.

ಎಲೆಯನ್ನು ತುಂಡು ಮಾಡುವುದು ಈ ಸ್ನಾನಗಳೆಲ್ಲ ಮುಗಿದ ಮೇಲೆ. ಮೊದಲೇ ಕತ್ತರಿಸಿದರೆ ಕೊಯ್ದ ಅಂಚಿನಿಂದ ಕ್ಲೋರಿನ್ ಒಳಗಿಳಿಯುತ್ತದೆ. ಕ್ರಿಮಿಶುದ್ಧ ಸೋಸುಕಾಗದದ ಮೇಲೆ ನೀರು ಹೀರಿಸಿ, ಅಂಚು ತೆಗೆದುಹಾಕಿ, 5 ಮಿ.ಮೀ. ಚೌಕಗಳನ್ನು ತಟ್ಟೆಗೆ ಐದರಂತೆ ಇಡಿ. ಮಾಧ್ಯಮಕ್ಕೆ ಎಲ್ಲರೂ ಬಳಸುವ ಪಿಡಿಎ (ಪೊಟ್ಯಾಟೊ ಡೆಕ್ಸ್‌ಟ್ರೋಸ್ ಅಗರ್) ಸಾಕು: ಸಿಪ್ಪೆ ಸುಲಿದ ಆಲೂಗಡ್ಡೆ 200 ಗ್ರಾಂ ಬೇಯಿಸಿ ಬಟ್ಟೆಯಲ್ಲಿ ಸೋಸಿದ ನೀರು, ಡೆಕ್ಸ್‌ಟ್ರೋಸ್ 20 ಗ್ರಾಂ, ಅಗರ್ 20 ಗ್ರಾಂ, ಒಟ್ಟು 1 ಲೀಟರ್. ಆಟೊಕ್ಲೇವ್ ಇಲ್ಲದ ಕಡೆ ಅಡುಗೆಮನೆಯ ಪ್ರೆಷರ್ ಕುಕ್ಕರೇ ಆಗುತ್ತದೆ. ಮೊದಲ ಕೂಗಿನ ನಂತರ ಸಣ್ಣ ಉರಿಯಲ್ಲಿ 20 ನಿಮಿಷ. ಬ್ಯಾಕ್ಟೀರಿಯ ತಡೆಯಲು ಲೀಟರಿಗೆ 100 ಮಿ.ಗ್ರಾಂ. ಕ್ಲೋರಾಂಫೆನಿಕಾಲ್. ಇದು ಬೇಯಿಸಿದರೂ ಉಳಿಯುತ್ತದೆ. ಸ್ಟ್ರೆಪ್ಟೊಮೈಸಿನ್ ಉಳಿಯುವುದಿಲ್ಲ, ಅದನ್ನು ಅಗರ್ 45–50 ಡಿಗ್ರಿಗೆ ಆರಿದ ಮೇಲೆ ಹಾಕಬೇಕು. ತುಂಡುಗಳ ಸುತ್ತ ಲೋಳೆ ಲೋಳೆಯಾಗಿ ಬ್ಯಾಕ್ಟೀರಿಯ ಬಂದಿದ್ದರೆ ಹೆಚ್ಚಿನಂಶ ಇಲ್ಲೇ ಎಡವಿದ್ದಾರೆ ಎಂದು ತಿಳಿಯಬಹುದು.

25–26 ಡಿಗ್ರಿಯಲ್ಲಿ, 12 ಗಂಟೆ ಬೆಳಕು 12 ಗಂಟೆ ಕತ್ತಲಿನಲ್ಲಿ 3–4 ವಾರ ಕಾಯಬೇಕು. ದಿನ ಬಿಟ್ಟು ದಿನ ನೋಡಿ, ತುಂಡಿನ ಅಂಚಿನಿಂದ ಎಳೆ ಹೊರಬಂದ ಕೂಡಲೇ ತುದಿಯನ್ನು ಬೇರೆ ತಟ್ಟೆಗೆ ದಾಟಿಸಬೇಕು. ವಾರಕ್ಕೊಮ್ಮೆ ನೋಡುವವರಿಗೆ ಸಿಗುವುದು ಓಟಗಾರರು ಮಾತ್ರ: ನೈಗ್ರೋಸ್ಪೋರ, ಟ್ರೈಕೋಡರ್ಮಗಳು ತಟ್ಟೆ ತುಂಬಿ ನಿಧಾನಸ್ಥರನ್ನು ಮುಳುಗಿಸಿರುತ್ತವೆ. ತುಂಡಿಗೆ ತಾಗದೆ ನಡುವೆ ಎಲ್ಲೋ ಹುಟ್ಟಿದ ವಸಾಹತು ಗಾಳಿಯಿಂದ ಬಿದ್ದದ್ದು, ಎಣಿಸುವ ಹಾಗಿಲ್ಲ. ಎರಡನೆಯ ದಿನವೇ ಎಲ್ಲ ತುಂಡಿನಿಂದಲೂ ಆಸ್ಪರ್ಜಿಲಸ್, ಪೆನಿಸಿಲಿಯಂ ಎದ್ದು ನಿಂತರೆ ಸಂಭ್ರಮಿಸಬೇಡಿ, ಹೊರಮೈ ಶುದ್ಧವಾಗಿಲ್ಲ. ನೂರು ತುಂಡಿನಲ್ಲಿ ಎಷ್ಟರಿಂದ ಶಿಲೀಂಧ್ರ ಬಂತೋ ಅದೇ ಶೇಕಡಾವಾರು ವಸಾಹತು ಪ್ರಮಾಣ.

ಈಗ ಆ ಮೂರನೆಯ ತೊಳೆನೀರು. ಅದರಿಂದ 0.1 ಮಿ.ಲೀ. ತೆಗೆದು ಒಂದು ಬರಿ ತಟ್ಟೆಯ ಮೇಲೆ ಸವರಬೇಕು. ಜೊತೆಗೆ, ಶುದ್ಧ ಮಾಡಿದ ಇಡೀ ಎಲೆಯನ್ನು ಇನ್ನೊಂದು ತಟ್ಟೆಯ ಅಗರಿಗೆ ಎರಡೂ ಮಗ್ಗುಲು ಒಂದೊಂದು ನಿಮಿಷ ಒತ್ತಿ ತೆಗೆದುಬಿಡಬೇಕು. ಇದು ಮುದ್ರೆ ಪರೀಕ್ಷೆ. ಈ ಎರಡು ತಟ್ಟೆಗಳಲ್ಲಿ ಎರಡು ವಾರ ಏನೂ ಬೆಳೆಯದಿದ್ದರೆ ಮಾತ್ರ, ತುಂಡುಗಳಿಂದ ಬಂದದ್ದು ಒಳಗಿನದು ಎಂದು ಹೇಳುವ ಹಕ್ಕು ಬರುತ್ತದೆ. ಬೆಳೆದರೆ ಆ ದಿನದ ತಟ್ಟೆಗಳನ್ನೆಲ್ಲ ಕುಕ್ಕರಿಗೆ ಹಾಕಿ ಬೇಯಿಸಿ ಎಸೆದು ಮೊದಲಿನಿಂದ ಶುರು ಮಾಡಬೇಕು. ಖರ್ಚು ಎರಡು ತಟ್ಟೆ, ಹೊತ್ತು ಐದು ನಿಮಿಷ. ಬಿಟ್ಟುಬಿಡುವ ಹೆಜ್ಜೆಯೂ ಇದೇ. ತಟ್ಟೆಯ ಬದಲು ಎಲೆಯಿಂದ ನೇರ ಡಿಎನ್‌ಎ ತೆಗೆಯುವವರು ಇನ್ನೊಂದನ್ನು ಗಮನಿಸಬೇಕು: ಆಲ್ಕೋಹಾಲಿನಿಂದ ಸತ್ತ ಬೀಜಕ ಮೊಳೆಯುವುದಿಲ್ಲ, ಆದರೆ ಅದರ ಡಿಎನ್‌ಎ ಎಲೆಯ ಮೇಲೆ ಹಾಗೆಯೇ ಕೂತಿರುತ್ತದೆ. ಅದನ್ನು ಹಾಳುಮಾಡುವುದು ಹೈಪೊಕ್ಲೋರೈಟ್.

ಹೆಸರಿಡುವ ಹಂತದ ಬಗ್ಗೆ ಎರಡೇ ಮಾತು. ಬೀಜಕವನ್ನೇ ಬಿಡದೆ ಬರಿ ಎಳೆಯಾಗಿ ಉಳಿಯುವ ಶಿಲೀಂಧ್ರಗಳು ಒಳವಾಸಿಗಳಲ್ಲಿ ಬಹಳ. ಅವನ್ನು ‘ಬಂಜೆ ಎಳೆಗಳು’ ಎಂದು ಒಂದೇ ಮೂಟೆಗೆ ತುಂಬುವ ಮುನ್ನ ಅದೇ ಗಿಡದ ಬೇಯಿಸಿದ ಎಲೆಯ ತುಂಡಿನ ಮೇಲೆ ಒಮ್ಮೆ ಬೆಳೆಸಿ ನೋಡಬೇಕು. ಶಿಲೀಂಧ್ರಗಳ ಬಾರ್‌ಕೋಡ್ ಎಂದು, ಅಂದರೆ ಗುರುತು ಹಿಡಿಯುವ ತುಣುಕೆಂದು, 2012ರಲ್ಲಿ ಒಪ್ಪಿಕೊಂಡ ಐಟಿಎಸ್ ಭಾಗದ ಡಿಎನ್‌ಎ ಕುಲದವರೆಗೆ ಕೈಹಿಡಿದು ಕರೆದೊಯ್ಯುತ್ತದೆ. ಕೊಲೆಟೊಟ್ರೈಕಂ, ಡಯಾಪೋರ್ಥೆಗಳಲ್ಲಿ ಪ್ರಭೇದದ ಬಾಗಿಲಲ್ಲಿ ಕೈಬಿಡುತ್ತದೆ. ಅಲ್ಲಿ ಟ್ಯುಬುಲಿನ್, ಆಕ್ಟಿನ್‌ನಂಥ ಬೇರೆ ಜೀನುಗಳೂ ಬೇಕು. ಹಳೆಯ ಪಟ್ಟಿಗಳಲ್ಲಿ ಒಂದೇ ಶಿಲೀಂಧ್ರ ಎರಡು ಹೆಸರಿನಲ್ಲಿದ್ದರೆ ಗಾಬರಿ ಬೇಡ, ಒಂದು ಶಿಲೀಂಧ್ರಕ್ಕೆ ಒಂದೇ ಹೆಸರು ಎಂಬ ನಿಯಮ ಪೂರ್ತಿ ಜಾರಿಗೆ ಬಂದದ್ದು 2013ರಲ್ಲಿ. ಡಯಾಪೋರ್ಥೆಯೇ ಹಿಂದಿನ ಫೋಮಾಪ್ಸಿಸ್.

ಎರಡನೆಯ ಪ್ರಶ್ನೆಗೆ ಬರೋಣ. ಈ ಕ್ಷೇತ್ರಕ್ಕೆ ಇಷ್ಟು ಬೆಳಕು ಬಿದ್ದದ್ದು 1993ರಲ್ಲಿ, ಅಮೆರಿಕದ ಪೆಸಿಫಿಕ್ ಯೂ ಮರದ ಒಳತೊಗಟೆಯಿಂದ ಬಂದ ಟ್ಯಾಕ್ಸೊಮೈಸಿಸ್ ಆಂಡ್ರಿಯಾನೆ ಎಂಬ ಶಿಲೀಂಧ್ರ ಕ್ಯಾನ್ಸರ್ ಮದ್ದು ಟ್ಯಾಕ್ಸಾಲನ್ನು ತಾನೇ ತಯಾರಿಸುತ್ತದೆ ಎಂದು ಸ್ಟೀರ್ಲ್ ಮತ್ತು ಸ್ಟ್ರೋಬೆಲ್ ತಂಡ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದಾಗ. ಪ್ರಮಾಣ ಎಷ್ಟು ಗೊತ್ತೇ? ಲೀಟರಿಗೆ 24ರಿಂದ 50 ನ್ಯಾನೊಗ್ರಾಂ (ಒಂದು ಮಿ.ಗ್ರಾಂ.ನ ಹತ್ತು ಲಕ್ಷದ ಒಂದು ಪಾಲು ಒಂದು ನ್ಯಾನೊಗ್ರಾಂ). ರೋಗಿಯ ಮೈಯ ಪ್ರತಿ ಚದರ ಮೀಟರಿಗೆ 175 ಮಿ.ಗ್ರಾಂ. ರೂಢಿಯಲ್ಲಿರುವ ಒಂದು ಪ್ರಮಾಣ, 1.6 ಚದರ ಮೀಟರ್ ಮೈಯವರಿಗೆ ಒಂದು ಸಲಕ್ಕೆ 280 ಮಿ.ಗ್ರಾಂ. ಹೆಚ್ಚೆಂದರೆ ಹೆಚ್ಚು, ಅಂದರೆ ಲೀಟರಿಗೆ 50 ನ್ಯಾನೊಗ್ರಾಂ ಎಂದೇ ಹಿಡಿದರೂ 56 ಲಕ್ಷ ಲೀಟರ್ ಶಿಲೀಂಧ್ರದ ಗಂಜಿ ಬೇಕು. 12,000 ಲೀಟರಿನ ನೀರಿನ ಟ್ಯಾಂಕರುಗಳಲ್ಲಿ ಎಣಿಸಿದರೆ 467. ಒಬ್ಬರಿಗೆ, ಒಂದು ಸಲದ ಚುಚ್ಚುಮದ್ದಿಗೆ! ನಂತರದ ವರ್ಷಗಳಲ್ಲಿ ಬೇರೆ ಬೇರೆ ಶಿಲೀಂಧ್ರಗಳಿಂದ ಹೆಚ್ಚಿನ ಇಳುವರಿಯ ವರದಿಗಳು ಬಂದವು. ಆದರೆ 2013ರಲ್ಲಿ ಜರ್ಮನಿಯ ತಂಡವೊಂದು ಹಲವು ಎಂಡೋಫೈಟ್‌ಗಳನ್ನು, ಮೊದಲು ಹೆಸರು ಮಾಡಿದ್ದನ್ನೂ ಸೇರಿಸಿ, ಮರುಪರೀಕ್ಷೆ ಮಾಡಿದಾಗ ಟ್ಯಾಕ್ಸಾಲನ್ನು ಸ್ವತಂತ್ರವಾಗಿ ತಯಾರಿಸುವ ಜೀನುಗಳ ಗುರುತು ಸಿಗಲಿಲ್ಲ. ಇವತ್ತು ಟ್ಯಾಕ್ಸಾಲ್ ಬರುತ್ತಿರುವುದು ಯೂ ಜಾತಿಯ ಮರಗಳ ಎಲೆಯಿಂದ ತೆಗೆದ ಪೂರ್ವವಸ್ತುವಿನಿಂದ ಮತ್ತು ಆ ಮರದ ಕೋಶಗಳನ್ನು ತೊಟ್ಟಿಯಲ್ಲಿ ಬೆಳೆಸುವುದರಿಂದ.

ನಮ್ಮ ಘಟ್ಟದ್ದೇ ಉದಾಹರಣೆ ಬೇಕೆಂದರೆ ದುರ್ವಾಸನೆ ಮರ, ಅಂದರೆ ನೊಥಪೊಡೈಟಿಸ್ ನಿಮ್ಮೋನಿಯಾನ. ಕ್ಯಾಂಪ್ಟೊಥೆಸಿನ್ ಎಂಬ ಆಲ್ಕಲಾಯ್ಡನ್ನು (ಸಾರಜನಕವಿರುವ ಒಂದು ಬಗೆಯ ಜೈವಿಕ ರಾಸಾಯನಿಕ) 1966ರಲ್ಲಿ ವಾಲ್ ಮತ್ತು ವಾನಿ ಚೀನಾ ಮೂಲದ ಮರದಲ್ಲಿ ಕಂಡರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದನ್ನು ನಮ್ಮ ಈ ಮರದಲ್ಲಿ ತೋರಿಸಿದರು. ಟೊಪೊಟೆಕಾನ್, ಇರಿನೊಟೆಕಾನ್ ಎಂಬ ಕ್ಯಾನ್ಸರ್ ಮದ್ದುಗಳಿಗೆ ಅದೇ ಮೂಲ. ಬೇಡಿಕೆ ಏರಿದಂತೆ ಪಶ್ಚಿಮಘಟ್ಟದಲ್ಲಿ ಮರಗಳಿಗೆ ಕೊಡಲಿ ಬಿತ್ತು. ಹಾಗಾಗಿ ಶಿಲೀಂಧ್ರ ಅದನ್ನು ಮಾಡಿಕೊಟ್ಟರೆ ಮರ ಉಳಿಯುತ್ತದೆ ಎಂಬ ಆಸೆ ನ್ಯಾಯವಾದದ್ದೇ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲೂ ಈ ದಿಕ್ಕಿನಲ್ಲಿ ಕೆಲಸ ನಡೆದಿದೆ. ಮತ್ತೆ ಮತ್ತೆ ಎದುರಾದ ತೊಡಕು ಒಂದೇ: ತಟ್ಟೆಯಿಂದ ತಟ್ಟೆಗೆ ದಾಟಿಸುತ್ತ ಹೋದಂತೆ ಶಿಲೀಂಧ್ರದ ಇಳುವರಿ ಕುಸಿಯುತ್ತದೆ. ಚೀನಾದ ಮರದಿಂದ ಬಂದ ಫ್ಯುಸೇರಿಯಂ ಒಂದರಲ್ಲಿ ಈ ವಸ್ತುವಿನ ತಯಾರಿಕೆಗೆ ಬೇಕಾದ ಮುಖ್ಯ ಕಿಣ್ವವೊಂದು ಇಲ್ಲವೇ ಇಲ್ಲ, ಗಿಡದ್ದನ್ನೇ ಅದು ನೆಚ್ಚಿಕೊಂಡಿದೆ ಎಂದು 2011ರಲ್ಲಿ ವರದಿಯಾಯಿತು.

ಇದರಲ್ಲೊಂದು ಸಣ್ಣ ಮೋಸವೂ ಅಡಗಿದೆ. ಮೊದಲ ತಟ್ಟೆಯಲ್ಲಿ ಎಲೆಯ ತುಂಡೇ ಇರುತ್ತದೆ. ಅದರ ಆಲ್ಕಲಾಯ್ಡ್ ಅಗರಿಗೆ ಇಳಿದು, ಎಳೆಗೆ ಅಂಟಿ ಮುಂದಿನ ತಟ್ಟೆಗೂ ಹೋಗುತ್ತದೆ. ಆದ್ದರಿಂದ ಕನಿಷ್ಠ ಐದಾರು ಸಲ ದಾಟಿಸಿದ ಮೇಲೆ, ಶಿಲೀಂಧ್ರ ಹಾಕದ ಬರಿ ಮಾಧ್ಯಮವನ್ನೂ ಅದೇ ರೀತಿ ಈಥೈಲ್ ಅಸಿಟೇಟಿನಲ್ಲಿ ಹಿಂಡಿ ಹೋಲಿಸಬೇಕು. ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣದ ವಸ್ತುಗಳನ್ನು ಬೇರ್ಪಡಿಸಿ ತೋರಿಸುವ ಯಂತ್ರ) ಶುದ್ಧ ಮದ್ದಿಗೆ ಏಳುವ ಅದೇ ನಿಮಿಷಕ್ಕೆ ಗೆರೆ ಎದ್ದಿತು ಎಂಬುದಷ್ಟೇ ಪುರಾವೆಯಲ್ಲ. ಅಣುವಿನ ತೂಕ ತೋರಿಸುವ ದ್ರವ್ಯರಾಶಿ ರೋಹಿತವೂ ಹೊಂದಬೇಕು. ಇನ್ನು ‘ಕ್ಯಾನ್ಸರ್ ಕೋಶಗಳನ್ನು ಕೊಂದಿತು’ ಎಂಬ ವಾಕ್ಯ. ತಟ್ಟೆಯ ಮೇಲಿನ ಕ್ಯಾನ್ಸರ್ ಕೋಶವನ್ನು ಸೋಪಿನ ನೀರೂ ಕೊಲ್ಲುತ್ತದೆ.

ಹಾಗಾದರೆ ಗಿಡದ ಗುಣ ನಿಜವಾಗಿ ಶಿಲೀಂಧ್ರದಿಂದ ಬಂದದ್ದು ಎಲ್ಲೂ ಇಲ್ಲವೇ? ಇದೆ, ಅದೂ ಎಲೆಯ ಮೇಲೆಯೇ. ಗೆಣಸಿನ ಕುಟುಂಬದ ಮೆಕ್ಸಿಕನ್ ಬಳ್ಳಿಯ ಬೀಜದಲ್ಲಿ ಎರ್ಗಟ್ ಆಲ್ಕಲಾಯ್ಡ್ (ಧಾನ್ಯದ ತೆನೆಗೆ ಬರುವ ಎರ್ಗಟ್ ಶಿಲೀಂಧ್ರದ ವಿಷವಸ್ತುಗಳು) ಇವೆ ಎಂದು 1960ರಲ್ಲಿ ಸ್ವಿಸ್ ರಸಾಯನವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್ ಹೇಳಿದಾಗ ಹಲವರು ನಂಬಲಿಲ್ಲ. ಅವು ಶಿಲೀಂಧ್ರದ ಸೊತ್ತು, ಹೂಬಿಡುವ ಗಿಡದಲ್ಲಿ ಹೇಗೆ ಎಂಬ ಅನುಮಾನ. ಗುಟ್ಟು ಬಿಡಿಸಿದ್ದು ಜರ್ಮನಿಯ ಬಾನ್ ನಗರದ ತಂಡ. ಐಪೊಮಿಯ ಅಸಾರಿಫೋಲಿಯ ಎಂಬ ಬಳ್ಳಿಗೆ ಶಿಲೀಂಧ್ರನಾಶಕ ಕೊಟ್ಟಾಗ ಎಲೆಯ ಮೇಲ್ಮೈಯ ಎಣ್ಣೆಗ್ರಂಥಿಗಳ ಸುತ್ತ ಇದ್ದ ಬಿಳಿ ಎಳೆಗಳೂ ಹೋದವು, ಆಲ್ಕಲಾಯ್ಡೂ ಹೋಯಿತು. ಆಲ್ಕಲಾಯ್ಡ್ ತಯಾರಿಸುವ ಜೀನು ಗಿಡದಲ್ಲಿ ಇರಲಿಲ್ಲ, ಆ ಎಳೆಗಳಲ್ಲಿತ್ತು. 2011ರಲ್ಲಿ ಅದಕ್ಕೆ ಪೆರಿಗ್ಲಾಂಡ್ಯುಲ ಎಂಬ ಹೆಸರಾಯಿತು. ಬೀಜದ ಮೂಲಕವೇ ಮುಂದಿನ ತಲೆಮಾರಿಗೆ ದಾಟುವ ಇದನ್ನು ಪೆಟ್ರಿ ತಟ್ಟೆಯಲ್ಲಿ ಬೆಳೆಸಲು ಆ ತಂಡಕ್ಕೂ ಆಗಲಿಲ್ಲ! ಆಯುರ್ವೇದದಲ್ಲಿ ವೃದ್ಧದಾರು ಎಂದು ಬಳಸುವ ಆರ್ಗೀರಿಯ ನರ್ವೋಸ ಇದೇ ಕುಟುಂಬದ್ದು, ಅದರ ಬೀಜದಲ್ಲೂ ಎರ್ಗಟ್ ಆಲ್ಕಲಾಯ್ಡ್ ಇವೆ. ಪಿಡಿಎ ತಟ್ಟೆಯೊಂದನ್ನೇ ನಂಬಿದವರಿಗೆ ಇಂಥದ್ದು ಎಂದೂ ಕಣ್ಣಿಗೆ ಬೀಳುವುದಿಲ್ಲ.

ಕಾನೂನಿನ ಒಂದು ಮಾತು ವರದಿಗಳಲ್ಲಿ ಬಿಟ್ಟುಹೋಗುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಸೂಕ್ಷ್ಮಜೀವಿಯೂ ಜೈವಿಕ ಸಂಪನ್ಮೂಲವೇ. ಕಾಡಿನ ಎಲೆಗೆ ಅರಣ್ಯ ಇಲಾಖೆಯ ಅನುಮತಿ ಬೇಕಾದಂತೆ, ಅದರಿಂದ ತೆಗೆದ ಶಿಲೀಂಧ್ರವನ್ನು ವಿದೇಶದವರಿಗೆ ಕೊಡಲು, ಅದರ ಮೇಲೆ ಪೇಟೆಂಟ್ ಕೇಳಲು ಕಾಯ್ದೆ ಹೇಳಿದ ದಾರಿಯಲ್ಲೇ ಹೋಗಬೇಕು. ಶಿಲೀಂಧ್ರವನ್ನು ಪುಣೆಯ ಅಘಾರ್ಕರ್ ಸಂಸ್ಥೆಯ ಸಂಗ್ರಹದಂಥ ಕಡೆ ಠೇವಣಿ ಇಟ್ಟು ಸಂಖ್ಯೆ ಪಡೆದಿದ್ದರೆ, ಗಿಡದ ಒಣ ಮಾದರಿ ಹರ್ಬೇರಿಯಂನಲ್ಲಿದ್ದರೆ, ಬೇರೆಯವರು ಮರುಪರೀಕ್ಷೆ ಮಾಡಬಹುದು. ಇಲ್ಲದಿದ್ದರೆ ಉಳಿಯುವುದು ಪತ್ರಿಕೆಯ ತುಣುಕು ಮಾತ್ರ.

ಕೊನೆಗೆ, ತಲೆಬರಹ ಆಗದ ಸಂಗತಿ. ಅದೇ ಪತ್ರಿಕೆಗಳ ಮನೆಮದ್ದು ಅಂಕಣಗಳು ‘ಎಲೆ ಒಣಗಿಸಿ ಪುಡಿ ಮಾಡಿಟ್ಟುಕೊಳ್ಳಿ’ ಎಂದು ಒಂದು ಸಾಲಿನಲ್ಲಿ ಮುಗಿಸುತ್ತವೆ. ಓದುಗರಿಗೆ ಎಲೆಯ ಶಿಲೀಂಧ್ರ ನಿಜವಾಗಿ ಎದುರಾಗುವುದು ಅಲ್ಲಿ. ಮೊದಲು, ಕೊಯ್ಯುವಾಗ ಕಾಣುವ ಕಪ್ಪು. ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಕಾಡಿಗೆಯಂತೆ ಎದ್ದು ಬಂದರೆ ಅದು ಹಿಟ್ಟು ತಿಗಣೆ, ಬಿಳಿನೊಣ, ಹೇನುಗಳ ಅಂಟಿನ ಮೇಲೆ ಬೆಳೆದ ಬೂಷ್ಟು, ಎಲೆಯನ್ನು ತಿನ್ನುವುದಿಲ್ಲ. ಇದಕ್ಕೆ ಶಿಲೀಂಧ್ರನಾಶಕ ಹೊಡೆಯುವುದು ದಂಡ. ಕೀಟ ಹೋಗಬೇಕು, ಅದಕ್ಕೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಬೆರೆಯಲು ಸ್ವಲ್ಪ ಸೋಪಿನ ನೀರು. ಎಷ್ಟು ಒರೆಸಿದರೂ ಹೋಗದ ದುಂಡನೆಯ ಕಪ್ಪು ಮಚ್ಚೆ ಮೆಲಿಯೋಲ ಎಂಬ ಶಿಲೀಂಧ್ರದ ಜಾತಿಯದು, ಅದು ಎಲೆಯ ಕೋಶಕ್ಕೆ ಹೀರುಕೊಳವೆ ಇಳಿಸಿರುತ್ತದೆ. ಪಶ್ಚಿಮಘಟ್ಟದ ಈ ಕಪ್ಪುಗಳ ಮೇಲೆ ವಿ.ಬಿ. ಹೊಸಗೌಡರ್ ಅವರಷ್ಟು ಕೆಲಸ ಮಾಡಿದವರು ವಿರಳ. ಇಂಥ ಎಲೆಯನ್ನೂ, ಬೂದಿ ರೋಗದ ಬಿಳಿಪುಡಿ, ತುಕ್ಕಿನ ಕಿತ್ತಳೆ ಪುಡಿ ಇರುವ ಎಲೆಯನ್ನೂ ಮದ್ದಿಗೆ ಬಿಡಿಸಬಾರದು.

ಕಣ್ಣಿಗೆ ಚೊಕ್ಕಟವಾಗಿ ಕಂಡ ಎಲೆಯೂ ಬಿಡಿಸಿದ ಮೇಲೆ ಬದಲಾಗುತ್ತದೆ. ಹೊಲದ ಶಿಲೀಂಧ್ರಗಳಾದ ಆಲ್ಟರ್ನೇರಿಯ, ಕ್ಲಾಡೋಸ್ಪೋರಿಯಂಗಳಿಗೆ ತೇವ ತುಂಬ ಬೇಕು, ಎಲೆ ಒಣಗುತ್ತಿದ್ದಂತೆ ಅವು ಹಿಂದೆ ಸರಿಯುತ್ತವೆ. ಅರೆ ಒಣಗಿದ ಎಲೆಯನ್ನು ಹಿಡಿಯುವುದು ಉಗ್ರಾಣದ ಶಿಲೀಂಧ್ರಗಳು: ಆಸ್ಪರ್ಜಿಲಸ್, ಪೆನಿಸಿಲಿಯಂ. ಆಸ್ಪರ್ಜಿಲಸ್ ಫ್ಲೇವಸ್ ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷ ಕಷಾಯ ಕುದಿಸಿದರೂ ಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 1998ರ ಮಾರ್ಗಸೂಚಿ ಗ್ರಾಂ ಒಂದಕ್ಕೆ ಇಷ್ಟು ವಸಾಹತು ಎಂದು ಶಿಲೀಂಧ್ರದ ಮಿತಿ ಹಾಕಿದೆ: ಮುಂದೆ ಸಂಸ್ಕರಿಸುವ ಕಚ್ಚಾ ಸಾಮಗ್ರಿಗೆ 1,00,000, ಕುದಿನೀರು ಹಾಕಿ ಬಳಸುವುದಕ್ಕೆ 10,000, ಹಾಗೆಯೇ ಹೊಟ್ಟೆಗೆ ತೆಗೆದುಕೊಳ್ಳುವುದಕ್ಕೆ 1,000. ಅಂದರೆ ಚಹಾಕ್ಕೆ ಹಾಕಲು ಅಡ್ಡಿಯಿಲ್ಲದ ಪುಡಿ ಜೇನಿನಲ್ಲಿ ಕಲಸಿ ನೆಕ್ಕಲು ಯೋಗ್ಯವಾಗಿರದೇ ಇರಬಹುದು.

ಒಣಗಿಸುವ ಕ್ರಮ ಇಷ್ಟು. ಇಬ್ಬನಿ ಆರಿದ ಮೇಲೆ ಕೊಯ್ಯಿರಿ, ತೊಳೆದರೆ ನೀರು ಪೂರ್ತಿ ಬಸಿಯಲಿ. ಮೂಟೆ ಕಟ್ಟಿ ರಾತ್ರಿ ಕಳೆಯಬೇಡಿ, ಹಸಿ ಎಲೆಯ ರಾಶಿ ಒಳಗೊಳಗೇ ಬಿಸಿಯಾಗುತ್ತದೆ. ಜಾಲರಿಯ ಮೇಲೆ ಒಂದೇ ಪದರ ಹರಡಿ, ಗಾಳಿ ಕೆಳಗಿನಿಂದಲೂ ಬರಬೇಕು. ತುಳಸಿ, ಲಕ್ಕಿಯಂಥ ಘಮದ ಎಲೆಗೆ ನೆರಳು, ಡ್ರೈಯರ್ ಇದ್ದರೆ 40 ಡಿಗ್ರಿ ಮೀರದಂತೆ. 5 ಕಿಲೋ ಹಸಿ ಎಲೆ ಸುಮಾರು 1 ಕಿಲೋಗೆ ಇಳಿದಾಗ ತೇವ ಶೇ 10ರ ಆಸುಪಾಸಿಗೆ ಬಂದಿರುತ್ತದೆ. ಎಲೆ ಗರಿಗರಿ ಆದದ್ದನ್ನು ನೋಡಿ ಮೋಸಹೋಗಬೇಡಿ, ಕೊನೆಗೆ ಒಣಗುವುದು ತೊಟ್ಟು. ಅದನ್ನು ಮಡಚಿದರೆ ಬಾಗದೆ ಟಕ್ಕೆಂದು ಮುರಿಯಬೇಕು. ಬಿಸಿ ಇರುವಾಗಲೇ ಡಬ್ಬಿ ಮುಚ್ಚಿದರೆ ಮುಚ್ಚಳದಲ್ಲಿ ಕಟ್ಟಿದ ಹನಿ ಒಂದೇ ಮೂಲೆಗೆ ಬಿದ್ದು ಅಲ್ಲಿಂದ ಬೂಷ್ಟು ಶುರುವಾಗುತ್ತದೆ. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಗಾಳಿಯ ತೇವಾಂಶ ಶೇ 85 ದಾಟಿರುತ್ತದೆ, ಶೇ 65ಕ್ಕಿಂತ ಮೇಲೆ ತೆರೆದಿಟ್ಟ ಎಲೆ ತೇವ ಕುಡಿದು ಬೂಷ್ಟಿಗೆ ಸಜ್ಜಾಗುತ್ತದೆ. ಆದ್ದರಿಂದ ಇಡೀ ಎಲೆಯಾಗಿಯೇ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಬೇಕಾದಾಗ ಬೇಕಾದಷ್ಟೇ ಪುಡಿ ಮಾಡುವುದು ಲೇಸು. ಪುಡಿ ಬೇಗ ತೇವ ಎಳೆಯುತ್ತದೆ, ಅದರಲ್ಲಿ ಬೂಷ್ಟು ಬೆರೆತರೆ ಕಣ್ಣಿಗೂ ಕಾಣುವುದಿಲ್ಲ. ಮುಗ್ಗಲು ವಾಸನೆ ಬಂದದ್ದನ್ನು ಬಿಸಿಲಿಗೆ ಹಾಕಿ ಮತ್ತೆ ಬಳಸುವ ರೂಢಿ ಇದೆ, ಬಿಸಿಲಿಗೆ ವಾಸನೆ ಹೋದೀತು, ವಿಷ ಹೋಗುವುದಿಲ್ಲ.

ಅಂಕಣದಲ್ಲಿ ಇಷ್ಟಕ್ಕೆಲ್ಲ ಜಾಗವಿಲ್ಲದಿದ್ದರೆ ತೊಟ್ಟು ಮುರಿದು ನೋಡುವ ಆ ಒಂದು ಸಾಲನ್ನಾದರೂ ಸೇರಿಸಬೇಕೆಂದು ಕೋರಿಕೆ.

— ಸಸ್ಯ ಶಿಲೀಂಧ್ರಗಳ ಅಧ್ಯಯನದಲ್ಲಿರುವ ಇಬ್ಬರು ಓದುಗರು